ಹೋಂಸ್ಟೇ ಅಡ್ವಾನ್ಸ್: 'ಫಿಫ್ಟಿ ಪರ್ಸೆಂಟ್ ಕಟ್' ಅಂದರೆ ಯಾವುದರಲ್ಲಿ ಫಿಫ್ಟಿ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇಗೆ ಫೋನ್ ಮಾಡಿದರೆ ಎರಡನೇ ಮಾತಿಗೇ ಬರುವುದು: "ಅರ್ಧ ಅಡ್ವಾನ್ಸ್ ಹಾಕ್ಬಿಡಿ ಸಾರ್, ರೂಮ್ ಬ್ಲಾಕ್ ಮಾಡ್ತೀನಿ." ಕೇಳುವುದರಲ್ಲಿ ತಪ್ಪಿಲ್ಲ. ನಾಲ್ಕೇ ರೂಮಿರುವ ಕಡೆ ಶನಿವಾರದ ಒಂದು ರೂಮು ಶುಕ್ರವಾರ ರಾತ್ರಿ ಖಾಲಿಯಾದರೆ ಮತ್ತೆ ತುಂಬುವುದು ಕಷ್ಟ. ತಲೆ ಲೆಕ್ಕ ಹಾಕಿ ಕೋಳಿ, ತರಕಾರಿ ತಂದೂ ಆಗಿರುತ್ತದೆ. ಜಗಳ ಹುಟ್ಟುವುದು ಅದರ ಬಾಲದಲ್ಲಿ ಬರುವ ಇನ್ನೊಂದು ಮಾತಿನಿಂದ: "ಕ್ಯಾನ್ಸಲ್ ಮಾಡಿದ್ರೆ ಫಿಫ್ಟಿ ಪರ್ಸೆಂಟ್ ಕಟ್."

ಲೆಕ್ಕ ಹಾಕಿ ನೋಡಿ. ಗಂಡ ಹೆಂಡತಿ, ಅಜ್ಜ ಅಜ್ಜಿ, 9 ವರ್ಷದ ಒಂದು, 4 ವರ್ಷದ ಒಂದು ಮಗು. ತಲೆಗೆ ದಿನಕ್ಕೆ 2,200 ರೂಪಾಯಿ, ಊಟ ತಿಂಡಿ ಸೇರಿ, ಎರಡು ರಾತ್ರಿ ಅಂದುಕೊಳ್ಳಿ. ದೊಡ್ಡವರು ನಾಲ್ವರಿಗೆ 17,600. ದೊಡ್ಡ ಮಗುವಿಗೆ ಅರ್ಧ ಚಾರ್ಜ್, 2,200. ಚಿಕ್ಕದಕ್ಕೆ ಏನೂ ಇಲ್ಲ. ಒಟ್ಟು 19,800, ಅಡ್ವಾನ್ಸ್ 9,900. ಈಗ ಕ್ಯಾನ್ಸಲ್ ಆಯಿತು. ನೀವು ತಿಳಿದುಕೊಂಡಿದ್ದು ಅಡ್ವಾನ್ಸಿನಲ್ಲಿ ಅರ್ಧ ಹೋಗುತ್ತದೆ, 4,950 ವಾಪಸ್ ಬರುತ್ತದೆ ಅಂತ. ಅವರು ಹೇಳಿದ್ದು ಒಟ್ಟು ಬಿಲ್ಲಿನಲ್ಲಿ ಅರ್ಧ. ಅಂದರೆ ಪೂರ್ತಿ 9,900 ಹೋಯಿತು. ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಜಗಳ.

ದಿನದ ಎಣಿಕೆಯಲ್ಲೂ ಇದೇ ಪಾಡು. "ಒಂದು ವಾರ ಮುಂಚೆ ಹೇಳಿದ್ರೆ ಫುಲ್ ರಿಫಂಡ್" ಅನ್ನುವಾಗ ಚೆಕ್‌ಇನ್ ದಿನವನ್ನು ಎಣಿಸಬೇಕೋ ಬೇಡವೋ? ಮಧ್ಯಾಹ್ನ 12ಕ್ಕೋ, ರಾತ್ರಿ 12ಕ್ಕೋ? ದಿನಗಳ ಲೆಕ್ಕ ಬಿಟ್ಟು ತಾರೀಖನ್ನೇ ಕೇಳಿ. ಎಸ್ಟೇಟ್ ಒಳಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಫೋನಿನಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯಿತು. ಹಣ ಕಳಿಸುವ ಮುಂಚೆ ವಾಟ್ಸಾಪಿನಲ್ಲಿ ಹೀಗೊಂದು ಮೆಸೇಜ್ ಹಾಕಿ:

"ಡಿಸೆಂಬರ್ 26 ಮಧ್ಯಾಹ್ನ 12ರಿಂದ 28 ಬೆಳಿಗ್ಗೆ 11ರವರೆಗೆ, 2 ರೂಮು. ದೊಡ್ಡವರು 4, ಮಕ್ಕಳು 2 (9 ವರ್ಷ, 4 ವರ್ಷ). ಟ್ಯಾಕ್ಸ್, ಊಟ, ತಿಂಡಿ ಸೇರಿ ಒಟ್ಟು 19,800. ಅಡ್ವಾನ್ಸ್ 9,900. ಡಿಸೆಂಬರ್ 15 ರಾತ್ರಿಯೊಳಗೆ ಕ್ಯಾನ್ಸಲ್ ಆದರೆ ಪೂರ್ತಿ ವಾಪಸ್, ಆಮೇಲೆ ಆದರೆ ಅಡ್ವಾನ್ಸಿನಲ್ಲಿ ಅರ್ಧ ವಾಪಸ್. ಸರಿ ತಾನೇ?"

ಅವರಿಂದ "ಸರಿ" ಅಂತ ಬಂದ ಮೇಲೆ ಹಣ. ಬರೀ ಹೆಬ್ಬೆರಳಿನ ಇಮೋಜಿ ಬಂದರೆ ಇನ್ನೊಮ್ಮೆ ಕೇಳಿ, ಮುಜುಗರ ಬೇಡ. ಕಾರಿನ ಡ್ರೈವರ್ ಇದ್ದರೆ ಅವರ ಊಟ, ಮಲಗುವ ಜಾಗ, ಮೇನ್ ರೋಡಿನಿಂದ ಮನೆವರೆಗಿನ ಜೀಪು, ಸಂಜೆಯ ಕ್ಯಾಂಪ್‌ಫೈರ್, ಇವು ಒಟ್ಟು ಮೊತ್ತದಲ್ಲಿ ಸೇರಿವೆಯೇ ಅನ್ನುವುದೂ ಆಗಲೇ ಇತ್ಯರ್ಥವಾಗಲಿ.

ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ನೇರವಾಗಿ ಹಣ ಹಾಕಬೇಡಿ. ನಂಬರ್ ಬದಲಿಸಿ ಮೋಸ ಮಾಡುವವರಿದ್ದಾರೆ. ವಿಡಿಯೋ ಕಾಲ್ ಮಾಡಿ ಅಂಗಳ, ರೂಮು ತೋರಿಸಲು ಹೇಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಯುಪಿಐನಲ್ಲಿ ಮೊದಲು 1 ರೂಪಾಯಿ ಕಳಿಸಿ, ತೆರೆಯ ಮೇಲೆ ಬರುವ ಹೆಸರು ಯಾರದ್ದು ಅಂತ ಅವರ ಬಾಯಿಂದಲೇ ಕೇಳಿ. ಪೂರ್ತಿ ಹಣ ಮುಂಚೆಯೇ ಹಾಕಿ ಅನ್ನುವ ಹೊಸ ಜಾಗದಿಂದ ದೂರವಿರುವುದು ಒಳ್ಳೆಯದು.

ಮಲೆನಾಡಿಗೇ ಮೀಸಲಾದ ತಕರಾರು ಇನ್ನೊಂದು: ಗಿರಿ ಬಂದ್, ಘಾಟಿ ಬಂದ್. ಡಿಸೆಂಬರ್ ಆಸುಪಾಸಿನ ದತ್ತ ಜಯಂತಿಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಕೆಲವು ದಿನ ಪ್ರವಾಸಿಗರನ್ನು ಬಿಡುವುದಿಲ್ಲ. ಪಂಚಾಂಗದ ಪ್ರಕಾರ ಬರುವ ಹಬ್ಬವಾದ್ದರಿಂದ ತಾರೀಖು ವರ್ಷ ವರ್ಷ ಬದಲಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ, 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆ ನೆನಪಿರಬಹುದು. ಗಿರಿ ಬಂದ್ ಆದ ಮಾತ್ರಕ್ಕೆ ರೂಮಿನ ಹಣ ವಾಪಸ್ ಕೇಳುವ ಹಕ್ಕು ಬರುವುದಿಲ್ಲ, ರೂಮು ತೆರೆದೇ ಇರುತ್ತದಲ್ಲ. ಹೋಂಸ್ಟೇಯನ್ನೇ ಮುಚ್ಚಿ ಅಂತ ಜಿಲ್ಲಾಡಳಿತ ಆದೇಶ ಮಾಡಿದರೆ ಮಾತು ಬೇರೆ. ಒಪ್ಪಂದ ನಡೆಸಲು ಸಾಧ್ಯವಾಗದೆ ಅಸಿಂಧುವಾದರೆ ಪಡೆದದ್ದನ್ನು ಹಿಂದಿರುಗಿಸಬೇಕು ಅನ್ನುತ್ತದೆ 1872ರ ಒಪ್ಪಂದ ಕಾಯ್ದೆಯ 65ನೇ ಕಲಂ. ಇವೆರಡರ ನಡುವಿನ ಸಂದರ್ಭಗಳಿಗೆ, ಅಂದರೆ ರಸ್ತೆ ಮುಚ್ಚಿ ನೀವೇ ತಲುಪಲಾಗದಿದ್ದರೆ, "ತಾರೀಖು ಬದಲಿಸಿ ಕೊಡ್ತೀವಿ" ಅನ್ನುವುದು ಇಲ್ಲಿಯ ರೂಢಿ. ಆರು ತಿಂಗಳೊಳಗೆ ಯಾವಾಗ ಬೇಕಾದರೂ, ಅದೇ ರೇಟಿಗೆ ಅಂತ ಬರೆಸಿಕೊಳ್ಳಿ. ಇಲ್ಲವಾದರೆ ಮಳೆಗಾಲದ ರೇಟಿಗೆ ಮಾಡಿದ ಬುಕಿಂಗಿಗೆ ಡಿಸೆಂಬರಿನಲ್ಲಿ ಇನ್ನಷ್ಟು ಸೇರಿಸಿ ಅನ್ನುತ್ತಾರೆ. ಹಾಸನ ಪೇಟೆಯ ಲಾಡ್ಜುಗಳಲ್ಲಿ ದೀಪಾವಳಿ ಸುತ್ತಮುತ್ತ ಹಾಸನಾಂಬೆ ಬಾಗಿಲು ತೆರೆದ ದಿನಗಳಿಗೆ ರಿಫಂಡೇ ಇಲ್ಲ ಅಂದರೂ ಆಶ್ಚರ್ಯವಿಲ್ಲ.

ಡೆಪಾಸಿಟ್ ಅನ್ನುವುದು ಬೇರೆಯೇ ಹಣ. ಅಡ್ವಾನ್ಸನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ, ಏನಾದರೂ ಹಾಳಾದರೆ ಇರಲಿ ಅಂತ ಇಟ್ಟುಕೊಳ್ಳುವ ಡೆಪಾಸಿಟ್ ಹೊರಡುವಾಗ ಕೈಗೆ ಬರಬೇಕು. ಇಡೀ ವಿಲ್ಲಾ, ಈಜುಕೊಳ ಇರುವ ಕಡೆ ಕೇಳುತ್ತಾರೆ. ದೊಡ್ಡ ಹೋಟೆಲ್ಲುಗಳಲ್ಲಿ ಕಾರ್ಡಿನ ಮೇಲೆ ಮೊತ್ತ ಬ್ಲಾಕ್ ಮಾಡುತ್ತಾರೆ; ಇದಕ್ಕೆ ಕ್ರೆಡಿಟ್ ಕಾರ್ಡೇ ಕೊಡಿ, ಡೆಬಿಟ್ ಕಾರ್ಡಾದರೆ ನಿಮ್ಮ ಖಾತೆಯ ಹಣವೇ ಕೆಲವು ದಿನ ಕೈಗೆ ಸಿಗುವುದಿಲ್ಲ. ರೂಮಿಗೆ ಕಾಲಿಟ್ಟ ಕೂಡಲೇ ಗೀಜರ್, ಬಕೆಟ್, ಬೆಡ್‌ಶೀಟಿನ ಕಲೆ, ಟಿವಿ ರಿಮೋಟ್ ಎಲ್ಲವನ್ನೂ ಒಂದು ನಿಮಿಷದ ವಿಡಿಯೋ ಮಾಡಿ ಅವರಿಗೇ ಕಳಿಸಿ.

ಟ್ಯಾಕ್ಸಿನ ಒಂದು ಸೂಕ್ಷ್ಮ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿದ್ದರೆ ಶೇ 18. ಎಲ್ಲರೂ ಒಟ್ಟಿಗಿರೋಣ ಅಂತ 8,000ದ ಒಂದು ಕಾಟೇಜ್ ಹಿಡಿದರೆ ತೆರಿಗೆ 1,440. ಅದೇ 4,000ದ ಎರಡು ರೂಮು ತೆಗೆದುಕೊಂಡರೆ 400. ಜಿಎಸ್‌ಟಿ ನಂಬರ್ ಇಲ್ಲದ ಚಿಕ್ಕ ಹೋಂಸ್ಟೇ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ.

ರಿಫಂಡ್ ಕಳಿಸ್ತೀವಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಒಪ್ಪಿದ ರಿಫಂಡ್ ಕೊಡದೆ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಅಲ್ಲಿಗೆ ಹೋಗುವಾಗ ಆ ವಾಟ್ಸಾಪ್ ಮೆಸೇಜಿನ ಪ್ರಿಂಟ್ ಜೊತೆಗಿರಲಿ.