ಯೂಸುಫ್ ಬರುವ ರಾತ್ರಿ

ಈ ರಂಜಾನ್‌ನ ಹತ್ತನೇ ತರಾವೀಹ್‌ನಲ್ಲಿ ನಮ್ಮ ಹಾಫಿಜ್ ಸಾಬ್ ಓದುತ್ತಾ ಓದುತ್ತಾ ನಿಂತುಬಿಟ್ಟರು. ತರಾವೀಹ್ ಅಂದರೆ ರಂಜಾನ್ ರಾತ್ರಿಗಳಲ್ಲಿ ಕುರ್‌ಆನ್ ಸ್ವಲ್ಪಸ್ವಲ್ಪವಾಗಿ ಓದುತ್ತಾ ಹೋಗುವ ನಮಾಜ್. ಅದನ್ನು ಓದಿಸುವವರು ಇಡೀ ಕುರ್‌ಆನ್ ಬಾಯಿಪಾಠವಿರುವ ಹಾಫಿಜ್.

ಮರೆತು ನಿಂತಿದ್ದಲ್ಲ. ಮರೆತರೆ ಹಿಂದಿನ ಸಾಲಿನಲ್ಲಿರುವ ಇನ್ನೊಬ್ಬ ಹಾಫಿಜ್ ತಕ್ಷಣ ಮುಂದಿನ ಪದ ಎತ್ತಿಕೊಡುತ್ತಾರೆ. ಅದಕ್ಕೆ ಲುಕ್ಮಾ ಅನ್ನುತ್ತೇವೆ. ಲುಕ್ಮಾ ಅಂದರೆ ತುತ್ತು. ಅವತ್ತು ಯಾರೂ ತುತ್ತು ಕೊಡಲಿಲ್ಲ. ಹುಡುಗನಿಗೆ ಪದ ತಪ್ಪಿಲ್ಲ, ಗಂಟಲು ಕಟ್ಟಿದೆ ಅಂತ ಹಿಂದಿದ್ದವರಿಗೆ ಗೊತ್ತಾಗಿತ್ತು. ಮಸೀದಿಯಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ. ಆಮೇಲೆ ಅವರು ಅದೇ ಆಯತ್, ಕುರ್‌ಆನ್‌ನ ಅದೇ ವಚನ, ಮತ್ತೆ ಮೊದಲಿನಿಂದ ಹಿಡಿದರು. "ಇನ್ನಮಾ ಅಶ್ಕೂ ಬಸ್ಸೀ ವ ಹುಜ್ನೀ ಇಲಲ್ಲಾಹ್." ನನ್ನ ಸಂಕಟವನ್ನೂ ನನ್ನ ದುಃಖವನ್ನೂ ನಾನು ಅಲ್ಲಾಹನ ಹತ್ತಿರ ಮಾತ್ರ ಹೇಳಿಕೊಳ್ಳುತ್ತೇನೆ. ಸೂರಾ (ಅಧ್ಯಾಯ) ಯೂಸುಫ್‌ನ 86ನೇ ಆಯತ್. ಮಗ ಯೂಸುಫನನ್ನು ಕಳೆದುಕೊಂಡ ಪೈಗಂಬರ ಯಾಕೂಬ್ ಅಲೈಹಿಸ್ಸಲಾಮರ ಮಾತು.

ನನ್ನ ಕಣ್ಣಲ್ಲೂ ನೀರು ತುಂಬಿತು. ಯಾಕೂಬರಿಗಾಗಿ ಅತ್ತೆ ಅಂದರೆ ಸುಳ್ಳಾಗುತ್ತೆ. ನಾನು ಅತ್ತಿದ್ದು ನಮ್ಮ ದಾದಾನ, ನನ್ನ ಅಜ್ಜನ ನೆನೆದು.

ದಾದಾ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ನಮ್ಮ ಮನೆ ಸಾಕಿದವರು. ನಮ್ಮೂರ ಮಂಡಕ್ಕಿ ಎಲ್ಲರೂ ತಿಂದಿದ್ದಾರೆ, ಭಟ್ಟಿಯ ಒಳಗೆ ಕಾಲಿಟ್ಟವರು ಕಡಿಮೆ. ಭತ್ತದ ಹೊಟ್ಟಿನ ಬೆಂಕಿ. ಅದರ ಮೇಲೆ ಕಾದು ಕೆಂಡವಾದ ಮರಳು. ಅಕ್ಕಿ ಬಿದ್ದ ಕೂಡಲೇ ಚಟಪಟ ಅಂತ ಅರಳಿ ಮೇಲೇಳುತ್ತೆ. ಜರಡಿ ಆಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ರೋಜಾ (ಉಪವಾಸ) ಹಿಡಿದುಕೊಂಡೇ ಆ ಬೆಂಕಿಯ ಮುಂದೆ ನಿಲ್ಲುತ್ತಿದ್ದರು. ಅದೂ ನಮ್ಮೂರ ಬೇಸಿಗೆಯಲ್ಲಿ ರಂಜಾನ್ ಬಂದ ವರ್ಷಗಳಲ್ಲಿ! ಅವರ ಅಂಗೈಯ ಬಿರುಕುಗಳಲ್ಲಿ ಮಸಿ ಕೂತುಬಿಟ್ಟಿತ್ತು. ನಮಾಜ್‌ಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡುವಾಗ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಮಾಜ್‌ಗೆ ಕೈಕಟ್ಟಿ ನಿಂತಾಗ ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಆ ಕೈ ಇರುತ್ತಿತ್ತು. ಬಿಳಿ ಜುಬ್ಬಾದ ಮೇಲೆ ಕಪ್ಪು ಗೆರೆಗಳ ಕೈ. ಪಕ್ಕ ನಿಂತರೆ ಅತ್ತರಿನ ಜೊತೆಗೆ ಹೊಟ್ಟಿನ ಹೊಗೆಯ ವಾಸನೆ. ತರಾವೀಹ್ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗೋದು ಆ ವಾಸನೆಯೇ.

ದಾದಾಗೆ ಓದು ಬರುತ್ತಿರಲಿಲ್ಲ. ಅರಬಿ ತಿಳಿಯುತ್ತಿರಲಿಲ್ಲ. ಆದರೆ ಅವರು ಅರ್ಥವಾಗದೆ ನಿಂತವರಲ್ಲ. ದಿನಾ ಸಂಜೆಯ ಅಸರ್ ನಮಾಜ್ ಮುಗಿದ ಮೇಲೆ ಹಾಫಿಜ್ ಸಾಬರ ಮುಂದೆ ಹೋಗಿ ಕೂರುತ್ತಿದ್ದರು. "ಹಜ್ರತ್, ಆಜ್ ರಾತ್‌ಕೂ ಕ್ಯಾ ಆತಾ?" ಇವತ್ತು ರಾತ್ರಿ ಏನು ಬರುತ್ತೆ? ಮನೆಗೆ ಬರುವ ನೆಂಟರ ಬಗ್ಗೆ ಕೇಳಿದ ಹಾಗೆ. ಇವತ್ತು ಮೂಸಾ ಬರ್ತಾರೆ, ಇವತ್ತು ಮರ್ಯಮ್ ಬರ್ತಾರೆ, ಇವತ್ತು ಲುಕ್ಮಾನ್ ಮಗನಿಗೆ ಬುದ್ಧಿ ಹೇಳ್ತಾರೆ ಅಂತ ಹಾಫಿಜ್ ಸಾಬ್ ಹೇಳುತ್ತಿದ್ದರು. ದಾದಾ ಒಂದೇ ಒಂದು ಮಾತು ಹಿಡಿದುಕೊಂಡು ಎದ್ದು ಬರುತ್ತಿದ್ದರು. ಕುರ್‌ಆನ್‌ನ ಮೂವತ್ತು ಭಾಗಗಳಲ್ಲಿ ಒಂದೊಂದು ಒಂದು ಪಾರಾ. ಪೂರ್ತಿ ಪಾರಾ ಅವರಿಗೆ ಬೇಕಿರಲಿಲ್ಲ. ರಾತ್ರಿ 20 ರಕಾತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದೊಂದು ಸುತ್ತು) ನಿಂತು ಆ ಒಂದು ಮಾತು ಎಲ್ಲಿ ಬರುತ್ತೆ ಅಂತ ಕಾಯುತ್ತಿದ್ದರು. ಮಾರನೇ ದಿನ ಭಟ್ಟಿಯಲ್ಲಿ ಅದೇ ಮಾತು.

ಹರಿಹರದ ಕಡೆಯಿಂದ ಭತ್ತ ತರುವ ರೈತರೊಬ್ಬರು ಅದನ್ನು ಕೇಳೋಕೆ ಅಂತಲೇ ನಿಲ್ಲುತ್ತಿದ್ದರು. "ಏನ್ ಸಾಬ್ರೆ, ರಾತ್ರಿ ನಿಮ್ಮ ಕುರಾನಿನಾಗ ಏನು ಬಂತು?" ಒಮ್ಮೆ ಸೂರಾ ಬಕರಾದ ಮಾತು ಬಂತು. ಅಲ್ಲಾಹನ ದಾರಿಯಲ್ಲಿ ಕೊಟ್ಟಿದ್ದು ಒಂದು ಕಾಳಿದ್ದ ಹಾಗೆ. ಅದರಿಂದ ಏಳು ತೆನೆ, ಒಂದೊಂದು ತೆನೆಯಲ್ಲಿ ನೂರು ಕಾಳು. ರೈತರು ಬೆರಳು ಎಣಿಸಿ, "ಏಳ್ನೂರು!" ಅಂದರು. ದಾದಾ ಹೇಳಿದರು, ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತೆ, ಕೊಟ್ಟಿದ್ದನ್ನು ಎತ್ತಿ ಆಡಿ ಮನಸ್ಸು ನೋಯಿಸಿದರೆ ಬಂಡೆ ಮೇಲಿನ ಮಣ್ಣು ಮಳೆಗೆ ತೊಳೆದು ಹೋದ ಹಾಗೆ. ಆ ಭತ್ತದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಐತಿ ಬಿಡ್ರಿ" ಅಂದು ಹೋದರು.

ಕೊನೆಯ ಪಾರಾದ ಮುತಫ್ಫಿಫೀನ್ ಸೂರಾವನ್ನಂತೂ ದಾದಾ ವರ್ಷವಿಡೀ ಹೊತ್ತು ತಿರುಗುತ್ತಿದ್ದರು. ಅಳತೆಯಲ್ಲಿ ಮೋಸ ಮಾಡುವವರಿಗೆ ಕೇಡು. ತಾವು ತಗೊಳ್ಳುವಾಗ ಪೂರ್ತಿ ಅಳೆದುಕೊಳ್ತಾರೆ, ಕೊಡುವಾಗ ಕಡಿಮೆ ಮಾಡ್ತಾರೆ. ಮಂಡಕ್ಕಿ ಹಗುರವಾದ ವಸ್ತು ಅಲ್ವಾ? ಸೇರಿಗೆ ಮೇಲಿಂದ ಸಡಿಲವಾಗಿ ಸುರಿದರೆ ತುಂಬಿದಂತೆ ಕಾಣುತ್ತೆ, ನಡುವೆ ಬರೀ ಗಾಳಿ. ಕೊಳ್ಳುವವರಿಗೆ ಗೊತ್ತೇ ಆಗಲ್ಲ. ದಾದಾ ಸೇರು ತುಂಬಿ, ಅದರ ತಳವನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತಿದ್ದರು. ಮಂಡಕ್ಕಿ ಎರಡು ಬೆರಳಷ್ಟು ಇಳಿಯುತ್ತಿತ್ತು. ಆ ಎರಡು ಬೆರಳಿನ ಜಾಗ ಮತ್ತೆ ತುಂಬುತ್ತಿದ್ದರು. ಆಮೇಲೆ ಮೇಲೆ ಗೋಪುರ. ಕುಟ್ಟುವಾಗ ತುಟಿ ಅಲ್ಲಾಡುತ್ತಿತ್ತು. "ವೈಲುಲ್ ಲಿಲ್ ಮುತಫ್ಫಿಫೀನ್." ಇಡೀ ಕುರ್‌ಆನ್‌ನಲ್ಲಿ ಅವರಿಗೆ ಬಾಯಿಪಾಠವಿದ್ದದ್ದು ಅಲ್‌ಹಮ್ದು ಅನ್ನೋ ಮೊದಲ ಸೂರಾ, ನಾಲ್ಕೈದು ಸಣ್ಣ ಸೂರಾ, ಇದೊಂದು ಸಾಲು.

ಇನ್ನು ಯೂಸುಫ್ ರಾತ್ರಿ.

ನನಗೊಬ್ಬ ಚಾಚಾ ಇದ್ದರು. ದಾದಾನ ಚಿಕ್ಕ ಮಗ. ಆತ ಹಾಫಿಜ್ ಆಗಬೇಕು, ಒಂದು ದಿನ ಮುಂದೆ ನಿಂತು ತರಾವೀಹ್ ಓದಿಸಬೇಕು ಅಂತ ದಾದಾಗೆ ಜೀವದಷ್ಟು ಆಸೆ. ಐದಾರು ಪಾರಾ ಬಾಯಿಪಾಠ ಮಾಡಿ ಬಿಟ್ಟುಬಿಟ್ಟರು. ಅದಕ್ಕೆ ಮನೆಯಲ್ಲಿ ದೊಡ್ಡ ಜಗಳ. ದಾದಾ ಹೊಡೆಯೋಕೆ ಕೈ ಎತ್ತಿದರು. ಚಾಚಾ ಬೊಂಬಾಯಿಗೆ ಹೋದರು. ಎರಡು ಕಾಗದ ಬಂದವು, ಆಮೇಲೆ ಅದೂ ಇಲ್ಲ. ನಾನು ಹುಟ್ಟುವ ಮುಂಚಿನ ಕತೆ ಇದು. ನಾನು ಕಂಡಿದ್ದು ಅದರ ನಂತರದ ದಾದಾನನ್ನು.

ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರಂತೆ. ಬಿಡಪ್ಪಾ, ಎಷ್ಟು ದಿನ ಅಂತ ನೆನೆಸ್ಕೊಂಡು ಅಳ್ತೀಯ, ಸಬರ್ ಮಾಡು, ತಾಳ್ಕೋ. ಹೋದವನ ಚಿಂತೆ ಮಾಡಿ ಅಳೋದು ಅಲ್ಲಾಹನ ಮೇಲೆ ದೂರು ಹೇಳಿದ ಹಾಗೆ. ಹಾಗೆ ಹೇಳಿದವರು ಕೆಟ್ಟವರಲ್ಲ. ಆದರೆ ದಾದಾ ಆ ಮಾತಿನಿಂದ ಕುಗ್ಗಿಹೋದರು. ತಮ್ಮ ಕಣ್ಣೀರು ಗುನಾಹ್, ಪಾಪ ಅಂತ ನಂಬಿ ಯಾರಿಗೂ ಕಾಣದ ಹಾಗೆ ಅಳುತ್ತಿದ್ದರು. ಒಂದು ರಂಜಾನ್‌ನಲ್ಲಿ ಎಂದಿನಂತೆ ಅಸರ್ ಆದ ಮೇಲೆ ಹೋಗಿ, ಆಜ್ ಕ್ಯಾ ಆತಾ ಅಂತ ಕೇಳಿದಾಗ ಹಾಫಿಜ್ ಸಾಬ್ ಯಾಕೂಬರ ಕತೆ ಹೇಳಿದರು. ಯೂಸುಫನನ್ನು ಬಾವಿಗೆ ಹಾಕಿ ಬಂದ ಅವನ ಅಣ್ಣಂದಿರು ಸುಳ್ಳು ರಕ್ತ ಹಚ್ಚಿದ ಅವನ ಅಂಗಿ ತಂದು ಮುಂದೆ ಇಟ್ಟಾಗ ಅವರು "ಫಸಬ್ರುನ್ ಜಮೀಲ್" ಅಂದರು. ಚಂದದ ಸಬರ್. ವರ್ಷಗಳಾದ ಮೇಲೆ ಇನ್ನೊಬ್ಬ ಮಗನೂ ಕೈತಪ್ಪಿದಾಗ ಮತ್ತೆ ಅದೇ ಮಾತು. ಅದೇ ಯಾಕೂಬ್ ಅತ್ತು ಅತ್ತು ಕಣ್ಣು ಬೆಳ್ಳಗಾದವು. ಉಳಿದ ಮಕ್ಕಳು, ಯೂಸುಫನನ್ನೇ ನೆನೆದು ನೆನೆದು ಸವೆದು ಹೋಗ್ತೀರಿ ಅಂತ ಬೈದರು. ಅದಕ್ಕೆ ಅವರ ಉತ್ತರವೇ ಆ 86ನೇ ಆಯತ್.

ಸಬರ್ ಅಂದವರೂ ಅವರೇ, ಅತ್ತವರೂ ಅವರೇ. ಪೈಗಂಬರರು! ದಾದಾ ಮನೆಗೆ ಓಡಿಬಂದು ದಾದಿಗೆ ಹೇಳಿದರಂತೆ, "ರೋನಾ ಗುನಾ ನೈ ಕತೆ." ಅಳೋದು ಪಾಪ ಅಲ್ವಂತೆ. ದಾದಿ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಅವತ್ತು ರಾತ್ರಿ ದಾದಾ ಎಲ್ಲರ ನಡುವೆ ನಿಂತು ಜೋರಾಗಿ ಅತ್ತರಂತೆ. ಆಮೇಲೆ ಪ್ರತಿ ವರ್ಷ ಯೂಸುಫ್ ಬರುವ ರಾತ್ರಿ ಕಂಬದ ಪಕ್ಕದ ತಮ್ಮ ಜಾಗ ಬಿಟ್ಟು ಮೊದಲ ಸಾಲಿಗೆ ಹೋಗಿ ನಿಲ್ಲುತ್ತಿದ್ದರು. ನಮಾಜ್ ಮುಗಿದ ಮೇಲೆ ಹಾಫಿಜ್ ಹುಡುಗನನ್ನು ಮನೆಗೆ ಕರೆತಂದು ಊಟ ಹಾಕುತ್ತಿದ್ದರು. ಆ ಹುಡುಗ ಉಣ್ಣುವುದನ್ನು ನೋಡುತ್ತಾ ಕೂರುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ.

ಪ್ರವಾದಿಯವರ ಸಂಗಾತಿ, ಎರಡನೇ ಖಲೀಫಾ ಹಜರತ್ ಉಮರ್ ಬೆಳಗಿನ ಫಜರ್ ನಮಾಜ್‌ನಲ್ಲಿ ಇದೇ ಆಯತ್ ಓದುವಾಗ ಬಿಕ್ಕಿ ಅತ್ತ ಸದ್ದು ಕೊನೆಯ ಸಾಲುಗಳವರೆಗೂ ಕೇಳಿಸಿತ್ತು ಅಂತ ನಾನು ಓದಿದ್ದು ತುಂಬಾ ತಡವಾಗಿ. ದಾದಾಗೆ ಓದಿ ಹೇಳೋಣ ಅಂದರೆ ಅವರೇ ಇರಲಿಲ್ಲ. ರಂಜಾನ್‌ಗೆ ಹನ್ನೊಂದು ದಿನ ಇರುವಾಗ ತೀರಿಕೊಂಡರು. ಚಾಚಾ ಬರಲಿಲ್ಲ.

ಒಂದು ನೋವಿನ ಮಾತು ಹೇಳಬೇಕು. ನಮ್ಮಲ್ಲಿ ಈಗ ತರಾವೀಹ್ ಅಂದರೆ ಎಷ್ಟು ಹೊತ್ತಿಗೆ ಬಿಡ್ತಾರೆ ಅನ್ನೋದೇ ಮೊದಲ ಪ್ರಶ್ನೆ. ಬೇಗ ಓದುವ ಹಾಫಿಜ್ ಎಲ್ಲಿದ್ದಾರೆ ಅಂತ ಬೈಕ್ ಹತ್ತಿ ಹುಡುಕಿಕೊಂಡು ಹೋಗ್ತಾರೆ. ಅಲ್ಲಿ ಆಯತ್‌ಗಳ ಕೊನೆಯ "ಯಅಲಮೂನ್, ತಅಲಮೂನ್" ಅಷ್ಟೇ ಕಿವಿಗೆ ಬೀಳೋದು. ಹತ್ತು ದಿನಕ್ಕೆ ಕುರ್‌ಆನ್ ಖತಮ್ ಮಾಡಿಸಿಕೊಂಡು, ಉಳಿದ ಇಪ್ಪತ್ತು ರಾತ್ರಿ ಅಂಗಡಿಗೆ, ಪೇಟೆಗೆ. ತರಾವೀಹ್ ಅನ್ನೋ ಪದದಲ್ಲೇ ವಿಶ್ರಾಂತಿ ಇದೆ. ನಾಲ್ಕು ರಕಾತ್‌ಗೆ ಒಮ್ಮೆ ಕೂತು ದಣಿವಾರಿಸಿಕೊಳ್ಳುವುದರಿಂದ ಬಂದ ಹೆಸರು ಅದು. ನಾವು ಅದನ್ನೇ ಓಟ ಮಾಡಿಕೊಂಡಿದ್ದೇವೆ. ನಿಧಾನವಾಗಿ, ಬಿಡಿಸಿ ಬಿಡಿಸಿ ಓದು ಅಂತ ಮುಜ್ಜಮ್ಮಿಲ್ ಸೂರಾದಲ್ಲಿ ಅಲ್ಲಾಹನೇ ಹೇಳಿಲ್ವಾ? ಪ್ರವಾದಿಯವರು ಕೆಲವು ರಾತ್ರಿ ಜನರ ಜೊತೆ ನಿಂತು ಓದಿ, ಇದು ನಿಮ್ಮ ಮೇಲೆ ಕಡ್ಡಾಯ ಆಗಿಬಿಟ್ಟೀತು ಅನ್ನೋ ಕಾಳಜಿಯಿಂದ ಹೊರಗೆ ಬರುವುದನ್ನು ನಿಲ್ಲಿಸಿದರು. ಮುಂದೆ ಉಮರ್ ಅವರು ತಮ್ಮ ಕಾಲದಲ್ಲಿ ಚೂರು ಚೂರಾಗಿ ನಿಂತಿದ್ದ ಜನರನ್ನೆಲ್ಲ ಪ್ರವಾದಿಯವರ ಇನ್ನೊಬ್ಬ ಸಂಗಾತಿ ಉಬಯ್ ಬಿನ್ ಕಅಬ್ ಅವರ ಹಿಂದೆ ಒಂದೇ ಸಾಲಾಗಿಸಿದರು. ಕಡ್ಡಾಯ ಅಲ್ಲದ್ದನ್ನು ಪ್ರೀತಿಯಿಂದ ಮಾಡಲಿ ಅಂತ ನಮಗೆ ಬಿಟ್ಟುಕೊಟ್ಟಿದ್ದು. ಮೊದಲ ವಾರ ಹೊರಗೆ ಅಂಗಳದಲ್ಲೂ ಜಾಗ ಇರಲ್ಲ, ಹದಿನೈದನೇ ರಾತ್ರಿಗೆ ನಾಲ್ಕು ಸಾಲು. ಇದನ್ನು ನೋಡಿದಾಗ ನನಗೆ ಎದೆ ಹಿಂಡಿದ ಹಾಗಾಗುತ್ತೆ. ಮನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಮಿರ್ಚಿ ಕರಿದು, ಪಾತ್ರೆ ತೊಳೆದು, ಒಬ್ಬರೇ ನಿಂತು 20 ರಕಾತ್ ಮುಗಿಸ್ತಾರೆ, ಒಂದು ರಾತ್ರಿಯೂ ಬಿಡದೆ.

ಈ ಸಲದ ಹತ್ತನೇ ರಾತ್ರಿಗೆ ಬರ್ತೀನಿ. ಹಾಫಿಜ್ ಸಾಬ್ ಗಂಟಲು ಸರಿಮಾಡಿಕೊಂಡು ಮುಂದೆ ಹೋದರು. ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ, ಹೋಗಿ ಯೂಸುಫನನ್ನು ಹುಡುಕಿ ಅಂತ ತಂದೆ ಮಕ್ಕಳನ್ನು ಕಳಿಸಿದರು. ಯೂಸುಫ್ ಅಣ್ಣಂದಿರಿಗೆ, ಇವತ್ತು ನಿಮ್ಮ ಮೇಲೆ ಯಾವ ದೂರೂ ಇಲ್ಲ ಅಂದರು. ತಮ್ಮ ಅಂಗಿ ಕೊಟ್ಟು ಕಳಿಸಿದರು. ಆ ಅಂಗಿ ಹೊತ್ತವರು ಇನ್ನೂ ದಾರಿಯಲ್ಲೇ ಇದ್ದಾರೆ, ಇಲ್ಲಿ ಕಣ್ಣು ಕಾಣದ ಯಾಕೂಬ್ ಹೇಳ್ತಾರೆ, "ಇನ್ನೀ ಲಅಜಿದು ರೀಹ ಯೂಸುಫ." ನನಗೆ ಯೂಸುಫನ ವಾಸನೆ ಬರ್ತಿದೆ.

ಆ ಪದ ಕಿವಿಗೆ ಬಿದ್ದಾಗ ನನಗೆ ಹೊಟ್ಟಿನ ಹೊಗೆಯ ವಾಸನೆ ಬಂತು. ಅತ್ತರಿನ ಜೊತೆ ಕಲೆತ ಅದೇ ವಾಸನೆ. ಪಕ್ಕದಲ್ಲಿದ್ದವರು ಯಾರೋ ನನಗೆ ಗೊತ್ತಿರಲಿಲ್ಲ. ಹಣೆ ನೆಲಕ್ಕಿಟ್ಟು ಸಜ್ದಾಕ್ಕೆ ಹೋದವನು ಏಳೋಕೆ ಮನಸ್ಸಾಗದೆ, ಇಮಾಮರ ‘ಅಲ್ಲಾಹು ಅಕ್ಬರ್’ ಅನ್ನೋ ತಕ್ಬೀರ್‌ಗೆ ಎದ್ದೆ.

ಅವತ್ತು ಹಾಫಿಜ್ ಹುಡುಗನನ್ನು ನಾನೇ ಮನೆಗೆ ಕರೆತಂದೆ. ದಾದಾ ಹೋದ ಮೇಲೆ ನಿಂತುಹೋಗಿದ್ದ ರೂಢಿ. ಇಪ್ಪತ್ತು ತುಂಬಿರದ ಹುಡುಗ, ಉತ್ತರದ ಯಾವುದೋ ಹಳ್ಳಿಯವರು. ಯಾಕೆ ನಿಂತಿರಿ ಅಂತ ನಾನು ಕೇಳಲಿಲ್ಲ. ಅಮ್ಮಿ ಬಡಿಸಿದರು. ಅವರು ಉಣ್ಣುತ್ತಾ, "ನಮ್ಮ ಅಬ್ಬಾ ಹೋಗಿ ಎರಡು ವರ್ಷ ಆಯ್ತು. ನಾನು ತರಾವೀಹ್ ಓದಿಸಿದ್ದು ಅವರು ಕೇಳಲಿಲ್ಲ" ಅಂದರು. ಅಮ್ಮಿ ಇನ್ನೊಂದು ರೊಟ್ಟಿ ಹಾಕಿದರು. ನಾನು ಅವರ ಕೈ ನೋಡುತ್ತಾ ಕೂತಿದ್ದೆ.

ಮಾರನೇ ದಿನ ಇಫ್ತಾರ್ ತಟ್ಟೆ ಕೊಡಲು ಮಗಳನ್ನು ಮಸೀದಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ. ಹಾಫಿಜ್ ಸಾಬ್ ಅಂಗಳದಲ್ಲಿ ಕುರ್‌ಆನ್ ತೆರೆದುಕೊಂಡು ರಾತ್ರಿಯ ಪಾಠ ನೋಡಿಕೊಳ್ಳುತ್ತಿದ್ದರು. ನಾನು ಕೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವಳೇ ತಟ್ಟೆ ಕೆಳಗಿಟ್ಟು ಕೇಳಿದಳು.

"ಆಜ್ ಕ್ಯಾ ಆತಾ, ಹಜ್ರತ್?"

ಹಿಂದಿನ ರಾತ್ರಿ ಅಮ್ಮಿಯ ಬಾಯಲ್ಲಿ ದಾದಾನ ಕತೆ ಕೇಳಿದ್ದಳು, ಅಷ್ಟೇ. ಹುಡುಗ ನಕ್ಕು ಪುಟದ ಮೇಲೆ ಬೆರಳಿಟ್ಟರು.

"ಇವತ್ತು ಜೇನುನೊಣ ಬರುತ್ತೆ."

"ಜೇನುನೊಣಾನಾ? ಕುರ್‌ಆನ್‌ನಲ್ಲಾ?" ಅಂದು ಅವಳು ಅಲ್ಲೇ ಚಾಪೆ ಮೇಲೆ ಕೂತುಬಿಟ್ಟಳು. ಬೆಟ್ಟದಲ್ಲಿ, ಮರದಲ್ಲಿ, ಜನ ಕಟ್ಟಿದ ಚಪ್ಪರದಲ್ಲಿ ಮನೆ ಮಾಡಿಕೋ ಅಂತ ಅಲ್ಲಾಹ ಅದಕ್ಕೆ ಹೇಳಿಕೊಟ್ಟ ಅಂತ ಅವರು ಶುರು ಮಾಡಿದರು. ಅಜಾನ್‌ಗೆ ಇನ್ನೂ ಹೊತ್ತಿತ್ತು.