ಆಂಪ್ಸ್ ನೋಡದೆ ಆರ್‌ಪಿಎಂ ನೋಡಿದ್ದೆ: ಖಾಲಿ ಹೊಟ್ಟೆ ಸಕ್ಕರೆಯ ಹನ್ನೆರಡು ವಾರದ ವಹಿ

ಮೇ 4

ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೇಥ್ ಮುಂದೆ ನಿಂತವನು ನಾನು. ಅಳತೆಯ ಹುಚ್ಚು ಮೊದಲಿಂದಲೂ ಇದೆ. ಹೋದ ವಾರ ಲ್ಯಾಬಿನಲ್ಲಿ ಖಾಲಿ ಹೊಟ್ಟೆ ಸಕ್ಕರೆ 108 ಬಂತು, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.9. "ಇನ್ನೂ ಶುಗರ್ ಅಲ್ರಿ, ಆದ್ರ ಹೊಚ್ಚಲಕ್ಕ ಬಂದು ನಿಂತೈತಿ" ಅಂದರು ಡಾಕ್ಟರು. 100ರ ಒಳಗಿದ್ದರೆ ಸರಿ, 126 ಮುಟ್ಟಿದ್ದು ಇನ್ನೊಂದು ಸಲವೂ ಖಾತ್ರಿಯಾದರೆ ಡಯಾಬಿಟಿಸ್, ನಡುವಿನ ಪಟ್ಟಿಯಲ್ಲಿ ನಾನು. ಗುಳಿಗೆ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು.

ಹೋದ ವರ್ಷದ ಆರೋಗ್ಯ ಶಿಬಿರದಲ್ಲಿ 92 ಇತ್ತಲ್ಲ, ಒಂದು ವರ್ಷದಲ್ಲಿ 16 ಏರಿತೇ ಅಂತ ಕೇಳಿದೆ. ರಕ್ತ ಯಾವಾಗ ತೆಗೆದರು, ಯಾವಾಗ ಮಷೀನಿಗೆ ಹಾಕಿದರು ಅಂತ ಅವರೇ ತಿರುಗಿ ಕೇಳಿದರು. ಬೆಳಿಗ್ಗೆ ತೆಗೆದದ್ದು ಮಧ್ಯಾಹ್ನದವರೆಗೂ ಅಲ್ಲೇ ಟ್ರೇನಲ್ಲಿತ್ತು. ಟ್ಯೂಬಿನೊಳಗಿನ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವಂತೆ, ಸಾಮಾನ್ಯ ಟ್ಯೂಬಾದರೆ ತಾಸಿಗೆ ನೂರಕ್ಕೆ ಐದಾರು ಇಳಿಯುತ್ತದೆ. ಅದಕ್ಕೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬು ಬೇರೆ ಇರುವುದು. ಅಂದರೆ ಆ 92 ನನ್ನದೋ ಟ್ಯೂಬಿನದೋ ಹೇಳುವವರಿಲ್ಲ.

ಮೇ 11

ಗ್ಲುಕೋಮೀಟರ್ ತಂದೆ. ಮೊದಲ ಕೆಲಸ, ಹತ್ತು ನಿಮಿಷದಲ್ಲಿ ಮೂರು ಸಲ ನೋಡಿದ್ದು: 104, 113, 109. ಈ ಮೀಟರುಗಳಿಗೆ 100ರ ಮೇಲೆ ಲ್ಯಾಬಿಗಿಂತ 15 ಪರ್ಸೆಂಟ್ ಆಚೀಚೆ ಆಗಲು ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನಕದ ಅನುಮತಿ ಉಂಟು. ನಮ್ಮಲ್ಲಿ 15 ಪರ್ಸೆಂಟ್ ಅಂದರೆ ಜಾಬ್ ನೇರ ಸ್ಕ್ರಾಪಿಗೆ! ಹಾಗಾಗಿ ಒಂದು ದಿನದ ಅಂಕಿಗೆ ಹೆದರುವುದಿಲ್ಲ, ವಾರದ ಸರಾಸರಿ ಬರೆಯುತ್ತೇನೆ ಅಂತ ನಿರ್ಧಾರ. ಈ ವಾರದ್ದು 109.

ಮೇ 19

ಬೆಳಿಗ್ಗೆ 171. ಎದೆ ಝಲ್ ಅಂತು. ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿಯೇ ಚುಚ್ಚಿದ್ದೆ. ಆಮೇಲೆ ನೆನಪಾಯಿತು, ಅದಕ್ಕೆ ಮೊದಲು ಮಕ್ಕಳಿಗೆ ಧಾರವಾಡದ ಆಪೂಸ ಹೆಚ್ಚಿ ಕೊಟ್ಟಿದ್ದೆ. ಸಾಬೂನು ಹಚ್ಚಿ ತೊಳೆದು, ಒರೆಸಿ, ಮತ್ತೆ ನೋಡಿದರೆ 107. ಹಣ್ಣಿನ ರಸ ಬರೀ ಸ್ಪಿರಿಟಿಗೆ ಹೋಗುವುದಿಲ್ಲ. "ಹಣ್ಣು ತಿನ್ನದ ಶುಗರ್ ಏರಿಸ್ಕೊಂಡ್ರಲ್ರಿ" ಅಂತ ಮನೆಯವಳು ದಿನವಿಡೀ ನಕ್ಕಳು.

ಮೇ 26

ರಾತ್ರಿ ಏಳು ಗಂಟೆಗೇ ಉಂಡು ಮಲಗಿದರೂ ಬೆಳಿಗ್ಗೆ 110. ಹಟಕ್ಕೆ ಬಿದ್ದು ಮೂರು ಗಂಟೆಗೆ ಅಲಾರಂ ಇಟ್ಟು ನೋಡಿದೆ: 97. ಆರೂವರೆಗೆ 111. ನಡುವೆ ನೀರು ಬಿಟ್ಟು ಏನೂ ಇಲ್ಲ! ನಸುಕಿನಲ್ಲಿ ಕಾರ್ಟಿಸಾಲ್, ಗ್ರೋತ್ ಹಾರ್ಮೋನು ಏರಿದಾಗ ಯಕೃತ್ತು ತನ್ನ ಉಗ್ರಾಣದಿಂದ ಸಕ್ಕರೆ ಬಿಡುತ್ತದೆ, ನಾವು ಎದ್ದು ಓಡಾಡಲಿ ಅಂತ. ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್, ಅದರ ಮಾತು ಕೇಳುವ ಯಕೃತ್ತಾದರೆ ಅಲ್ಲಿಗೇ ಕೈ ಹಿಡಿಯುತ್ತದೆ. ನನ್ನದು ಕೇಳಿದರೂ ಕೇಳದ ಹಾಗೆ ಇರುವ ಜಾತಿ ಇರಬೇಕು.

ಅದನ್ನೂ ಅಳೆಯಬೇಕು ಅನ್ನಿಸಿತು. ಫಾಸ್ಟಿಂಗ್ ಇನ್ಸುಲಿನ್ ಮಾಡಿಸಲೇನು ಅಂದರೆ ಡಾಕ್ಟರು, "ನನಗ ಬೇಕಾಗಿಲ್ಲ, ನಿಮ್ಮ ಹುಚ್ಚಿಗೆ ಮಾಡಿಸ್ಕೋರಿ."

ಮೇ 30

ಇನ್ಸುಲಿನ್ 14.2, ಅದೇ ರಕ್ತದಲ್ಲಿ ಸಕ್ಕರೆ 108. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ ಹೋಮಾ-ಐಆರ್, 1985ರಲ್ಲಿ ಆಕ್ಸ್‌ಫರ್ಡಿನವರು ಕೊಟ್ಟ ಲೆಕ್ಕ. ನನ್ನದು 3.8. ಅಂಕಿ ಏರಿದಷ್ಟೂ ಇನ್ಸುಲಿನ್‌ಗೆ ದೇಹ ಮಣಿಯುವುದು ಕಡಿಮೆ. ಇಷ್ಟರ ಮೇಲೆ ಕೆಟ್ಟದ್ದು ಅಂತ ಎಲ್ಲರೂ ಒಪ್ಪಿದ ಗೆರೆ ಇಲ್ಲ, ಲ್ಯಾಬ್ ಬದಲಾದರೆ ಇನ್ಸುಲಿನ್ ಅಂಕಿಯೂ ಬದಲಾಗುತ್ತದೆ. ಮುಂದಿನದೂ ಇದೇ ಲ್ಯಾಬಿನಲ್ಲಿ.

ನನಗೆ ಇದು ತಿಳಿದದ್ದು ಮೋಟಾರಿನ ಲೆಕ್ಕದಲ್ಲಿ. ಬೇರಿಂಗ್ ಒಣಗಿದರೂ ಲೇಥಿನ ಚಕ್ಕು ಎಂದಿನ ವೇಗದಲ್ಲೇ ತಿರುಗುತ್ತಿರುತ್ತದೆ. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು ಮಾತ್ರ ನೋಡುವವನಿಗೆ ಎಲ್ಲ ಸರಿ. ಅತ್ತ ಮೋಟಾರು ಎಳೆಯುವ ಕರೆಂಟು, ಆಂಪ್ಸ್, ಏರಿ ವೈಂಡಿಂಗ್ ಬಿಸಿಯಾಗುತ್ತಿರುತ್ತದೆ. ಸಕ್ಕರೆ ಆರ್‌ಪಿಎಂ, ಇನ್ಸುಲಿನ್ ಆಂಪ್ಸ್. ವೇಗ ಬೀಳತೊಡಗುವ ಹೊತ್ತಿಗೆ ಮೋಟಾರು ವರ್ಷಗಟ್ಟಲೆ ದುಡಿದು ದಣಿದಿರುತ್ತದೆ.

ಜೂನ್ 15

ಪಕ್ಕದ ಮನೆ ಕಾಕಾ: "ಜ್ವಾಳದ ರೊಟ್ಟಿ ತಿನ್ನಾವ್ರಿಗೆ ಸಕ್ರಿ ಬ್ಯಾನಿ ಬರಂಗಿಲ್ಲೋ ತಮ್ಮಾ." ನೋಡೇಬಿಡೋಣ ಅಂತ ಊಟವಾಗಿ ಎರಡು ತಾಸಿಗೆ ಅಳೆದೆ. ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯೆಸೊಪ್ಪು: 136. ನಾಲ್ಕು ರೊಟ್ಟಿ, ಮೇಲೆ ಅನ್ನ ಸಾರು: 174. ಸಂಜೆ ಗಿರಮಿಟ್, ಎರಡು ಮಿರ್ಚಿ: 168. ರೊಟ್ಟಿಯೂ ಹಿಟ್ಟೇ, ಎಣಿಸಿ ತಿನ್ನಬೇಕು. ಕಾಕಾಗೆ ಹೇಳಿದರೆ ಮೀಟರೇ ಸುಳ್ಳು ಅಂದರು.

ಅದೇ ನಾಲ್ಕು ರೊಟ್ಟಿ, ಅನ್ನದ ಊಟ ಮಾಡಿ ಉಣಕಲ್ ಕೆರೆ ದಂಡೆಗೆ ಇಪ್ಪತ್ತೈದು ನಿಮಿಷ ಅಡ್ಡಾಡಿ ಬಂದ ದಿನ 143. ದುಡಿಯುವ ಸ್ನಾಯು ಇನ್ಸುಲಿನ್ ಕೇಳದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ. ಇಡೀ ವಹಿಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಅಂಕಿ ಇದೇ.

ಜುಲೈ 6

ಮಳೆ, ಸೆಕೆಂಡ್ ಶಿಫ್ಟು, ಹನ್ನೊಂದಕ್ಕೆ ಊಟ, ಐದು ತಾಸು ನಿದ್ದೆ. ಅಡ್ಡಾಟ ಬಂದ್. ವಾರದ ಸರಾಸರಿ 112. ನಿದ್ದೆಗೆಟ್ಟರೂ ಇನ್ಸುಲಿನ್ ಮಂಕಾಗುತ್ತದೆ ಅಂತ ಓದಿದ್ದೆ. ಶಿಫ್ಟ್ ಬದಲಿಸಿ ಅಂತ ಕೇಳಿದೆ, ಆಗಲಿಲ್ಲ. ಡಬ್ಬಿ ಒಯ್ದು ಏಳೂವರೆಗೆ ಶಾಪಿನಲ್ಲೇ ಉಣ್ಣುತ್ತಿದ್ದೇನೆ.

ಜುಲೈ 27

ಅದೇ ಲ್ಯಾಬು. ಸಕ್ಕರೆ 102, ಇನ್ಸುಲಿನ್ 9.5, ಹೋಮಾ 2.4. ತೂಕ 79ರಿಂದ 75, ನಡು 97 ಸೆಂಟಿಮೀಟರಿನಿಂದ 92. ನಮ್ಮ ಗಂಡಸರಿಗೆ 90ರೊಳಗೆ ಇರಬೇಕು, ಇನ್ನೂ ಎರಡು ಬಾಕಿ. ಸಕ್ಕರೆಯಲ್ಲಿ ಆರು ಪಾಯಿಂಟು ದಿನದಿಂದ ದಿನಕ್ಕೆ ಸುಮ್ಮನೆಯೂ ಆಡುತ್ತದೆ, ಅದನ್ನೇ ನಂಬಿದ್ದರೆ ಮೂರು ತಿಂಗಳು ದಂಡ ಅನ್ನುತ್ತಿದ್ದೆ. ಇನ್ಸುಲಿನ್ನೂ ಆಡುವುದೇ, ಆದರೆ ಮೂರನೇ ಒಂದು ಭಾಗ ಇಳಿದದ್ದು, ಜೊತೆಗೆ ನಡುವೂ ಇಳಿದದ್ದು ನೋಡಿ ಬೇರಿಂಗಿಗೆ ಗ್ರೀಸು ಬಿದ್ದಿದೆ ಅಂತ ಬರೆದುಕೊಂಡೆ. ಎಚ್‌ಬಿಎ1ಸಿ 5.8. ಡಾಕ್ಟರು ಆರು ತಿಂಗಳಿಗೆ ಬನ್ನಿ ಅಂದರು.

ಮೀಟರಿನ ಉಳಿದ ಸ್ಟ್ರಿಪ್ಪುಗಳಲ್ಲಿ ಒಂದನ್ನು ಮನೆಯವಳಿಗೆ ಬಳಸಿದೆ. 88. ರೊಟ್ಟಿ ಬಡಿಯುತ್ತಲೇ ನನ್ನ ಕಡೆ ನೋಡಿದಳು. "ಇನ್ಸುಲಿನ್ ಎಷ್ಟೈತೋ ಗೊತ್ತಿಲ್ಲಲ್ಲ" ಅಂದೆ. "ಮೊದಲ ಕೈ ತೊಳಕೊಂಡು ಉಣ್ಣಾಕ ಬರ್ರಿ" ಅಂದಳು.