ಗೆರೆಯಾಚೆ ಕುಳಿತ ಹುಡುಗನ ಪಿ.ಟಿ. ಅವಧಿ

ಕೆಲವು ತಿಂಗಳ ಹಿಂದೆ ಒಂದು ದಿನ ಮಗಳನ್ನು ಶಾಲೆಯಿಂದ ಬೇಗ ಕರೆದುಕೊಂಡು ಬರಬೇಕಾಗಿದ್ದರಿಂದ ಮೈದಾನದ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದೆ. ಎದುರಿಗೆ ಅವಳದೇ ತರಗತಿಯ ಪಿ.ಟಿ. ಅವಧಿ ನಡೆಯುತ್ತಿತ್ತು. ಹಾಜರಿ ಕರೆದು, ಸಾಲು ಸರಿಪಡಿಸಿ, ಒಂದಿಷ್ಟು ಕವಾಯತು ಮಾಡಿಸಿದ ಮೇಲೆ ಮಕ್ಕಳನ್ನು ಎರಡು ತಂಡ ಮಾಡಿ ಚೆಂಡಾಟಕ್ಕೆ ಬಿಟ್ಟರು. ಚೆಂಡು ತಗುಲಿದವರು ಔಟ್, ಔಟಾದವರು ಗೆರೆಯಾಚೆ ಕೂರಬೇಕು. ಓಡುವಾಗ ಎರಡೂ ಕೈಗಳನ್ನು ಮೈಗೆ ಒತ್ತಿ ಹಿಡಿಯುತ್ತಿದ್ದ, ಸ್ವಲ್ಪ ಮೈಭಾರವಿದ್ದ ಒಬ್ಬ ಹುಡುಗ ಎರಡನೆಯ ಎಸೆತಕ್ಕೇ ಔಟಾಗಿ ಬಂದು ಕುಳಿತ. ಕುಳಿತವನು ಶೂ ಲೇಸನ್ನು ಬಿಚ್ಚಿ ಕಟ್ಟಿದ, ಮತ್ತೆ ಬಿಚ್ಚಿ ಕಟ್ಟಿದ. ಗಂಟೆ ಹೊಡೆಯುವವರೆಗೂ ಅವನು ಮಾಡಿದ್ದು ಅಷ್ಟೇ. 40 ನಿಮಿಷಗಳ ಅವಧಿಯಲ್ಲಿ ಅವನು ಓಡಾಡಿದ ಹೊತ್ತನ್ನು ಕೂಡಿಸಿದರೆ ಐದಾರು ನಿಮಿಷ ಆಗಿರಬಹುದು.

ಆ ದಿನದಿಂದ ನನ್ನ ತಲೆಯಲ್ಲಿ ಉಳಿದಿರುವ ಪ್ರಶ್ನೆ ಒಂದೇ: ಆ ಅವಧಿ ಯಾರಿಗಾಗಿ ಇತ್ತು? ಚುರುಕಾಗಿ ಓಡುವ ಮಕ್ಕಳಿಗೆ ಶಾಲೆ ಬಿಟ್ಟ ಮೇಲೂ ಜೊತೆಗಾರರು ಸಿಗುತ್ತಾರೆ, ಅವರು ಹೇಗಾದರೂ ಆಡಿಕೊಳ್ಳುತ್ತಾರೆ. ಆದರೆ ಆಟಕ್ಕೆ ಯಾರೂ ಕರೆಯದ, ತನ್ನಿಂದ ಆಗದು ಎಂದು ಆಗಲೇ ನಿರ್ಧರಿಸಿಬಿಟ್ಟಿರುವ ಮಗುವಿಗೆ ಮೈ ಬೆವರುವಷ್ಟು ಓಡಲು ಸಿಗುವ ಜಾಗ ಹೆಚ್ಚಾಗಿ ಶಾಲೆಯೊಂದೇ. ಯಾರಿಗೆ ವ್ಯಾಯಾಮದ ಅಗತ್ಯ ಹೆಚ್ಚೋ ಅವರೇ ಮೊದಲು ಔಟಾಗಿ ಅತಿ ಹೆಚ್ಚು ಹೊತ್ತು ಕೂರುವಂಥ ಆಟವನ್ನು ದೈಹಿಕ ಶಿಕ್ಷಣ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದೊಳಗಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿಗೊಳಿಸುವ ಕಸರತ್ತೂ ಇರಬೇಕು. ಅದೇ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಶೇಕಡಾ 81 ಮಂದಿಗೆ 2016ರಲ್ಲಿ ಈ ದಿನದ ಒಂದು ಗಂಟೆಯ ಚಟುವಟಿಕೆ ದಕ್ಕಿರಲಿಲ್ಲ ಎಂದು ಕಂಡುಬಂತು. ಐವರಲ್ಲಿ ನಾಲ್ವರು! ವಾರಕ್ಕೆ ಎರಡು ಪಿ.ಟಿ. ಅವಧಿಗಳು ಈ ಕೊರತೆಯನ್ನು ತುಂಬಲಾರವು, ನಿಜ. ಆದರೆ ಉಳಿದ ದಿನಗಳಲ್ಲೂ ಆಡಬೇಕೆಂಬ ಆಸೆಯನ್ನು, ಆಡಬಲ್ಲೆನೆಂಬ ಧೈರ್ಯವನ್ನು ಅವು ಹುಟ್ಟಿಸಬಲ್ಲವು.

ಮಕ್ಕಳ ಮೂಳೆಯ ವಿಚಾರವನ್ನು ಪೋಷಕರಾದ ನಾವು ಸಾಕಷ್ಟು ಗಮನಿಸಿಲ್ಲ. ವ್ಯಾಯಾಮ ಎಂದರೆ ತೂಕ ಇಳಿಸುವುದು ಎಂದಷ್ಟೇ ತಿಳಿದಿದ್ದೇವೆ. ಮೂಳೆ ಜೀವಂತ ಅಂಗ. ತನ್ನ ಮೇಲೆ ಬೀಳುವ ಭಾರವನ್ನು ಅದರೊಳಗಿನ ಕೋಶಗಳು ಗ್ರಹಿಸುತ್ತವೆ, ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ನೆಗೆದು ನೆಲಕ್ಕೆ ಇಳಿಯುವಾಗ, ಓಡುತ್ತಿದ್ದವನು ಥಟ್ಟನೆ ನಿಂತು ಪಕ್ಕಕ್ಕೆ ತಿರುಗುವಾಗ ಬೀಳುವ ಒತ್ತಡವೇ ಅದಕ್ಕೆ ಬೇಕಾದದ್ದು. ಸಾಲಿನಲ್ಲಿ ನಿಂತು ಕೈ ಮೇಲೆತ್ತಿ ಇಳಿಸುವುದರಿಂದ ಅದು ಸಿಗುವುದಿಲ್ಲ. ಮನುಷ್ಯನಿಗೆ ಜೀವಮಾನದುದ್ದಕ್ಕೂ ಬೇಕಾಗುವ ಮೂಳೆಯ ಉಳಿತಾಯದ ಗಂಟು ಬಹುಪಾಲು ಕೂಡುವುದು ಹದಿಹರೆಯ ಮುಗಿಯುವುದರೊಳಗೆ. ಇಳಿವಯಸ್ಸಿನಲ್ಲಿ ಜಾರಿ ಬಿದ್ದಾಗ ಸೊಂಟದ ಮೂಳೆ ತಡೆದುಕೊಳ್ಳುತ್ತದೆಯೋ ಮುರಿಯುತ್ತದೆಯೋ ಎಂಬುದರಲ್ಲಿ ಹತ್ತನೆಯ ವಯಸ್ಸಿನ ಹಗ್ಗದಾಟಕ್ಕೂ ಒಂದು ಪಾಲಿದೆ. ಸ್ನಾಯುವಿನ ಕೆಲಸವೂ ಅಷ್ಟೇ ಸೊಗಸಾದದ್ದು: ದುಡಿಯುತ್ತಿರುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆಯೇ ರಕ್ತದಲ್ಲಿನ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. 5ರಿಂದ 19 ವರ್ಷದವರಲ್ಲಿ ಬೊಜ್ಜು ಇರುವವರ ಪ್ರಮಾಣ ಜಗತ್ತಿನಾದ್ಯಂತ 1990ರಲ್ಲಿ ಶೇಕಡಾ 2 ಇದ್ದದ್ದು 2022ರ ಹೊತ್ತಿಗೆ ಶೇಕಡಾ 8ಕ್ಕೆ ಏರಿರುವಾಗ, ಇದು ಸಣ್ಣ ಸಂಗತಿಯಲ್ಲ.

ಕಣ್ಣಿನ ವಿಚಾರ ತಿಳಿದಾಗ ನನಗೇ ಆಶ್ಚರ್ಯವಾಗಿತ್ತು. ಚೀನಾದ ಗುವಾಂಗ್‌ಝೌ ನಗರದ ಕೆಲವು ಪ್ರಾಥಮಿಕ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿದಿನ 40 ನಿಮಿಷಗಳ ಹೊರಾಂಗಣ ಅವಧಿಯನ್ನು ಹೆಚ್ಚಾಗಿ ಕೊಟ್ಟು ಮೂರು ವರ್ಷ ಗಮನಿಸಿದರು. ಹಾಗೆ ಹೊರಗೆ ಕಳೆದ ಮಕ್ಕಳಲ್ಲಿ ಸುಮಾರು ಶೇಕಡಾ 30ರಷ್ಟು ಮಂದಿಗೆ ಸಮೀಪದೃಷ್ಟಿ ಬಂದರೆ, ಉಳಿದ ಶಾಲೆಗಳಲ್ಲಿ ಅದು ಶೇಕಡಾ 40ರ ಹತ್ತಿರವಿತ್ತು. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮಕ್ಕಳಿಗೆ ಹೆಚ್ಚಾಗಿ ಸಿಕ್ಕಿದ್ದು ಹಗಲ ಬೆಳಕಿನಲ್ಲಿ ಹೊರಗಿರುವ ಹೊತ್ತು, ಅಷ್ಟೇ.

ಇಷ್ಟೆಲ್ಲ ಹೇಳಿದರೂ ಮಕ್ಕಳನ್ನು ಬಯಲಿಗೆ ಬಿಟ್ಟುಬಿಟ್ಟರೆ ಸಾಕೆಂದು ನಾನು ಭಾವಿಸುವುದಿಲ್ಲ. ಎಸೆಯುವುದು, ಹಿಡಿಯುವುದು, ನೆಗೆದು ಸರಿಯಾಗಿ ಇಳಿಯುವುದು ಎಲ್ಲವೂ ಅಕ್ಷರದಂತೆ ಕಲಿಸಬೇಕಾದ ವಿದ್ಯೆಗಳು. ಬಲಗೈಯಿಂದ ಎಸೆಯುವ ಮಗುವಿಗೆ ಎಡಗಾಲನ್ನು ಮುಂದಿಡು, ಪಕ್ಕಕ್ಕೆ ತಿರುಗಿ ನಿಲ್ಲು, ಸೊಂಟವನ್ನು ತಿರುಗಿಸುತ್ತಾ ಕೈ ಬೀಸು ಎಂದು ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರೆ ಚೆಂಡು ಮೊದಲಿಗಿಂತ ದೂರ ಹೋಗಿ ಬೀಳುತ್ತದೆ. ಯಾರೂ ತೋರಿಸದಿದ್ದರೆ ಆ ಮಗು ಬಲಗೈ ಬಲಗಾಲುಗಳನ್ನು ಒಟ್ಟಿಗೇ ಮುಂದೆ ಹಾಕಿ, ಚೆಂಡು ಕಾಲ ಬುಡದಲ್ಲೇ ಬಿದ್ದು, ಉಳಿದವರು ನಕ್ಕು, ಮುಂದಿನ ಸಲ ಹೊಟ್ಟೆನೋವೆಂದು ಹೇಳಿ ತರಗತಿಯಲ್ಲೇ ಉಳಿದುಬಿಡುತ್ತದೆ. ಗಣಿತದಲ್ಲಿ ಹಿಂದುಳಿದ ಮಗುವನ್ನು ಮೊದಲ ತಪ್ಪಿಗೇ ಹೊರಗೆ ಕೂರಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಪರೀಕ್ಷೆ ಹತ್ತಿರ ಬಂತೆಂದು ಪಿ.ಟಿ. ಅವಧಿಯನ್ನು ಬೇರೆ ವಿಷಯದ ಪೋರ್ಷನ್ ಮುಗಿಸಲು ಬಿಟ್ಟುಕೊಡುವುದನ್ನೂ, ಹೋಂವರ್ಕ್ ಮಾಡದವರಿಗೆ ಶಿಕ್ಷೆಯೆಂದು ಆಟ ತಪ್ಪಿಸುವುದನ್ನೂ ನಾನು ಒಪ್ಪಲಾರೆ. ಪಾಠದ ಹೊತ್ತಿನಲ್ಲಿ ಒಂದಿಷ್ಟನ್ನು ಆಟಕ್ಕೆ ಕೊಟ್ಟರೆ ಅಂಕಗಳು ಕುಸಿಯುತ್ತವೆ ಎಂಬ ಭಯಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಬಲವಾದ ಆಧಾರವಿಲ್ಲ. ದೈಹಿಕ ಶಿಕ್ಷಣ ಎಲ್ಲರ ಮೂಲಭೂತ ಹಕ್ಕು ಎಂದು ಯುನೆಸ್ಕೊ ಸನ್ನದು ಸಾರಿದ್ದು 1978ರಲ್ಲಿ. ಹಕ್ಕೆಂದ ಮೇಲೆ ಅದನ್ನು ಬಹುಮಾನದಂತೆ ಕೊಡುವುದಾಗಲಿ ದಂಡದಂತೆ ಕಿತ್ತುಕೊಳ್ಳುವುದಾಗಲಿ ಸಲ್ಲದು. ಉಬ್ಬಸವಿರುವ ಮಕ್ಕಳನ್ನು ವರ್ಷವಿಡೀ ಬದಿಗೆ ಕೂರಿಸುವುದೂ ಸರಿಯಲ್ಲ. ವೈದ್ಯರನ್ನು ಕೇಳಿ, ಇನ್‌ಹೇಲರ್ ಹತ್ತಿರ ಇಟ್ಟುಕೊಂಡು ಅವರಲ್ಲಿ ಹೆಚ್ಚಿನವರು ಆಡಬಲ್ಲರು.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಮೇಲೆ ಹೇಳಿದ 146 ದೇಶಗಳ ಅಧ್ಯಯನದಲ್ಲಿ ಹುಡುಗರಲ್ಲಿ ಶೇಕಡಾ 78 ಮಂದಿಗೆ ಚಟುವಟಿಕೆ ಸಾಲದಾಗಿದ್ದರೆ ಹುಡುಗಿಯರಲ್ಲಿ ಅದು ಶೇಕಡಾ 85 ಇತ್ತು. ಕಾರಣಗಳನ್ನು ಬಹಳ ದೂರ ಹುಡುಕಬೇಕಾಗಿಲ್ಲ: ಓಡಲು ಬಾರದ ಸಮವಸ್ತ್ರ, ಬಟ್ಟೆ ಬದಲಿಸಲು ಜಾಗವಿಲ್ಲದಿರುವುದು, ಮುಟ್ಟಿನ ದಿನಗಳಲ್ಲಿ ಯಾರ ಬಳಿ ಹೇಳಿಕೊಳ್ಳಬೇಕೆಂಬ ಮುಜುಗರ, ಮೈದಾನದ ನಡುಭಾಗವೆಲ್ಲ ಹುಡುಗರ ಪಾಲಾಗಿರುವುದು. ಪಿ.ಟಿ. ಇರುವ ದಿನ ಟ್ರ್ಯಾಕ್ ಪ್ಯಾಂಟಿನಲ್ಲಿ ಬರಲು ಅನುಮತಿ ಕೊಡುವುದಕ್ಕೆ ಶಾಲೆಗೆ ಖರ್ಚೇನೂ ಇಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಪಿ.ಟಿ. ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ, ನಾನು ಕಂಡದ್ದನ್ನು ದೂರಿನಂತೆ ಕೇಳಿಸದ ಹಾಗೆ ಹೇಳಿದೆ. ಎರಡು ಸೆಕ್ಷನ್‌ಗಳ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳಬೇಕು, ಇರುವುದು ನಾಲ್ಕೇ ಚೆಂಡು ಎಂದು ಅವರು ತಮ್ಮ ಕಷ್ಟ ಹೇಳಿಕೊಂಡರು, ಅದು ಸುಳ್ಳಲ್ಲ. ಸ್ವಲ್ಪ ಯೋಚಿಸಿ, "ಔಟಾದವರು ಹಗ್ಗ ಹಿಡಿದು ಇಪ್ಪತ್ತು ಸಲ ನೆಗೆದು ಮತ್ತೆ ಒಳಗೆ ಬರಲಿ, ನೋಡೋಣ" ಎಂದರು. ಹಗ್ಗಗಳನ್ನು ನಾವು ಕೆಲವು ಪೋಷಕರು ಸೇರಿ ಕೊಡಿಸಿದೆವು.

ಮೊನ್ನೆ ಮಗಳನ್ನು ಕರೆಯಲು ಹೋದಾಗ ಅದೇ ಮೆಟ್ಟಿಲ ಮೇಲೆ ಕುಳಿತೆ. ಆ ಹುಡುಗ ಮತ್ತೆ ಬೇಗನೇ ಔಟಾದ. ಗೆರೆಯಾಚೆ ಬಂದು ಹಗ್ಗ ಎತ್ತಿಕೊಂಡು, ಮೂರು ಸಲ ಕಾಲಿಗೆ ಸಿಕ್ಕಿಸಿಕೊಂಡು, ತುಟಿಯಲ್ಲೇ ಎಣಿಸುತ್ತಾ ಇಪ್ಪತ್ತು ಮುಗಿಸಿ, ಮುಖವೆಲ್ಲ ಕೆಂಪಾಗಿ ಏದುಸಿರು ಬಿಡುತ್ತಾ ಒಳಗೆ ಓಡಿದ. ಅವನ ಒಂದು ಶೂ ಲೇಸು ಬಿಚ್ಚಿಕೊಂಡಿತ್ತು. ಅದನ್ನು ಕಟ್ಟಿಕೊಳ್ಳಲು ಅವನಿಗೆ ಪುರಸೊತ್ತಿರಲಿಲ್ಲ.